ತತ್ಕಾಲೋಚಿತ ಬೆಲೆ ಮತ್ತು ಒಂದು ಸೀಸದ ಬಿಲ್ಲೆ

ವಿಜಯನಗರ ಮತ್ತು ಕೆಳದಿ ಅರಸರ ಕಾಲದ ಭೂಮಿ ಮಾರಾಟದ ಶಾಸನಗಳನ್ನು, ಅದರಲ್ಲೂ ಮಲೆನಾಡಿನವನ್ನು, ಹತ್ತಾರು ಓದಿದವರಿಗೆ ಒಂದು ಉದ್ದನೆಯ ಮಾತು ತಾನಾಗಿಯೇ ಬಾಯಿಪಾಠ ಆಗಿರುತ್ತದೆ: ‘ತತ್ಕಾಲೋಚಿತ ಮಧ್ಯಸ್ಥ ಪರಿಕಲ್ಪಿತ ಉಭಯವಾದಿ ಸಮ್ಮತ ಕ್ರಯದ್ರವ್ಯ’. ಶಾಸನದಿಂದ ಶಾಸನಕ್ಕೆ ಕಾಗುಣಿತ ಬದಲಾಗುತ್ತದೆ, ಒಂದೆರಡು ಪದ ಹೆಚ್ಚುಕಮ್ಮಿ ಆಗುತ್ತದೆ, ಅರ್ಥ ಅದೇ. ಆ ಹೊತ್ತಿಗೆ ತಕ್ಕುದಾದ, ಮಧ್ಯಸ್ಥರು ಗೊತ್ತುಮಾಡಿದ, ಕೊಡುವವರು ಕೊಳ್ಳುವವರು ಇಬ್ಬರೂ ಒಪ್ಪಿದ ಬೆಲೆ. ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟ, ಅಂದರೆ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಂಪುಟ, ಕೈಗೆ ಸಿಕ್ಕರೆ ತಿರುವಿ ನೋಡಿ.

ನಾನು ಬಹಳ ದಿನ ಈ ಸಾಲನ್ನು ಹಾರಿಸಿಕೊಂಡೇ ಓದುತ್ತಿದ್ದೆ. ವೃತ್ತಿಯಲ್ಲಿ ಇಂಜಿನಿಯರು, ಟೆಂಡರ್ ಕಾಗದದ ಕೊನೆಯಲ್ಲಿ ಬರುವ ಷರತ್ತುಗಳನ್ನು ಹಾರಿಸಿ ಅಭ್ಯಾಸ. ಯಾರು ಮಾರಿದ, ಯಾರು ಕೊಂಡ, ಗದ್ದೆ ಎಲ್ಲಿ, ಎಷ್ಟು ವರಹ, ಅಷ್ಟು ನೋಟ್‌ಬುಕ್ಕಿಗೆ ಇಳಿದರೆ ಸಾಕು ಅಂದುಕೊಂಡಿದ್ದೆ. ಹಾರಿಸುವುದು ನಿಂತದ್ದು ಆನ್‌ಲೈನಿನಲ್ಲಿ ಒಂದು ಸೀಸದ ಬಿಲ್ಲೆ ಕೊಂಡ ಮೇಲೆ. ಅದರ ಕಥೆಗೆ ಮುಂಚೆ, ಈ ಆನ್‌ಲೈನ್ ನಾಣ್ಯ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು.

ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಲ್ಲಿ ದಿನಾ ಬೆಳಿಗ್ಗೆ ಫೋಟೋ ಬೀಳುತ್ತವೆ. ಹೊಯ್ಸಳರ ಗದ್ಯಾಣದಿಂದ ಹಿಡಿದು ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ತನಕ. ಕೆಲವರು ಬೆಲೆ ಬರೆದೇ ಹಾಕುತ್ತಾರೆ. ಹಲವರು ‘ಬೆಲೆ ಇನ್‌ಬಾಕ್ಸ್’ ಅನ್ನುತ್ತಾರೆ. ಬೇಕಾದವನು ‘ಬುಕ್ಡ್’ ಅಂತ ಬರೆದರೆ ಅದು ಅವನದ್ದು. ಆಮೇಲೆ ಬಂದವನು ಹಿಂಬಾಗಿಲಿಂದ ಹೋಗಿ ನೂರು ಜಾಸ್ತಿ ಕೊಡ್ತೀನಿ ಅನ್ನುವ ಹಾಗಿಲ್ಲ. ಬುಕ್ ಮಾಡಿದವನು ಸಂಜೆ ಮನಸ್ಸು ಬದಲಾಯಿಸುವ ಹಾಗೂ ಇಲ್ಲ. ಇವು ಯಾವ ಪುಸ್ತಕದಲ್ಲೂ ಬರೆದಿಟ್ಟ ನಿಯಮಗಳಲ್ಲ. ಮೀರಿದವನಿಗೆ ಮುಂದಿನ ಸಲ ಯಾರೂ ಪಾರ್ಸೆಲ್ ಕಳಿಸುವುದಿಲ್ಲ, ಅಷ್ಟೇ.

‘ಬೆಲೆ ಇನ್‌ಬಾಕ್ಸ್’ ನೋಡಿದರೆ ನನಗೆ ದನದ ಜಾತ್ರೆ ನೆನಪಾಗುತ್ತದೆ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ಲಿನಡಿ ಕೈ ಹಿಡಿದು ಬೆರಳು ಒತ್ತಿಯೇ ಬೆಲೆ ಕುದುರಿಸುವುದನ್ನು ನೋಡಿದ್ದೇನೆ. ಇನ್‌ಬಾಕ್ಸಿನವರು ಇದನ್ನೇ ತೋರಿಸಿ ‘ಗುಟ್ಟಿನ ಬೆಲೆ ನಮ್ಮ ಹಳೇ ಪದ್ಧತಿ ಸ್ವಾಮಿ’ ಅನ್ನುತ್ತಾರೆ. ಒಂದು ವ್ಯತ್ಯಾಸ ಮರೆಯುತ್ತಾರೆ. ಟವೆಲ್ಲಿನಡಿಯ ಗುಟ್ಟು ಸುತ್ತ ನಿಂತವರಿಗೆ; ಎತ್ತು ಮಾತ್ರ ಎಲ್ಲರೆದುರೇ ನಿಂತಿರುತ್ತದೆ, ಹಲ್ಲು ಎಣಿಸಬಹುದು, ನಡೆಸಿ ನೋಡಬಹುದು, ನಡುವೆ ಇಬ್ಬರಿಗೂ ಗುರುತಿನ ದಲ್ಲಾಳಿ ಇರುತ್ತಾನೆ. ಇನ್‌ಬಾಕ್ಸಿನಲ್ಲಿ ಹಲ್ಲೂ ಇಲ್ಲ, ದಲ್ಲಾಳಿಯೂ ಇಲ್ಲ. ಕೇಳಿದವನ ಪ್ರೊಫೈಲ್ ಫೋಟೋ ನೋಡಿ ಒಬ್ಬನಿಗೊಂದು ಬೆಲೆ ಹೇಳಲು ಬೇಕಾದಷ್ಟು ಅವಕಾಶ ಇದೆ.

ಕೊಳ್ಳುವವರೇನೂ ಕಮ್ಮಿ ಇಲ್ಲ. ‘ಲಾಸ್ಟ್ ಎಷ್ಟು?’ ಅನ್ನುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಸೋಮಾರಿ ಪ್ರಶ್ನೆ. ಮಾರುವವನು ಒಂದು ಅಂಕಿ ಹೇಳಿದ್ದಾನೆ. ಒಪ್ಪಿಗೆ ಇಲ್ಲದಿದ್ದರೆ ನಿಮ್ಮ ಅಂಕಿ ಹೇಳಿ. ಹೇಳಿದ ಅಂಕಿಗೆ ಅವನು ‘ಸರಿ’ ಅಂದರೆ ಕೊಳ್ಳಲೇಬೇಕು ಅನ್ನುವ ತಯಾರಿ ಇಟ್ಟುಕೊಂಡು ಹೇಳಿ. ಕಮ್ಮಿ ಕೇಳುವುದಕ್ಕೆ ಕಾರಣ ಇರಲಿ: ತೂಕ ಕಡಿಮೆ ಇದೆ, ಅಂಚು ಕತ್ತರಿಸಿದೆ, ಅಕ್ಷರ ಸವೆದಿದೆ, ಯಾರೋ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಿದ್ದಾರೆ. ಕೊಳ್ಳುವ ಆಸೆಯಿಂದಲೇ ವಸ್ತುವನ್ನು ಹೀಯಾಳಿಸುವುದು, ಕೊಂಡ ಮಾರನೇ ದಿನ ಅದೇ ಫೋಟೋಗೆ ‘ಅಪರೂಪದ್ದು’ ಅಂತ ಬರೆದು ಹಾಕಿಕೊಳ್ಳುವುದು, ಇವೆರಡನ್ನೂ ಮಾಡಿದ ಒಬ್ಬ ಮನುಷ್ಯನನ್ನು ನಾನು ಬಲ್ಲೆ. ಹತ್ತಿರದಿಂದ ಬಲ್ಲೆ. ಅದಕ್ಕೇ ಬರುತ್ತೇನೆ.

ಬೇರೆಯವರ ಫೋಟೋ ಕೆಳಗೆ ಹೋಗಿ ‘ಇದು ಜಾಸ್ತಿ ಆಯ್ತು’ ಅನ್ನಬಾರದು ಎಂಬುದು ಎಲ್ಲರೂ ಒಪ್ಪುವ ರೂಢಿ. ನಕಲಿ ಆಗಿದ್ದರೆ? ತಪ್ಪು ಹೆಸರು ಹಾಕಿದ್ದರೆ? ಶಾಸನ ಓದುವ ನಮ್ಮಂಥವರಿಗೆ ಇದು ದಿನನಿತ್ಯದ ಇಕ್ಕಟ್ಟು. ಆನೆ ಕಂಡರೆ ಸಾಕು, ‘ಟಿಪ್ಪು ಕಾಲದ್ದು’ ಅಂತ ಬರೆದು ಬೆಲೆ ಏರಿಸುತ್ತಾರೆ. ಟಿಪ್ಪುವಿನ ತಾಮ್ರದ ಪೈಸೆಗಳ ಬರಹ ಪರ್ಷಿಯನ್. ಫೋಟೋದಲ್ಲಿರುವ ಬಿಲ್ಲೆಯ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಅಂತ ಕಣ್ಣಿಗೆ ರಾಚುವ ಹಾಗೆ ಇರುತ್ತದೆ, ಅದು ಮುಮ್ಮಡಿಯವರದ್ದು. ಇನ್ನು ರಾಮ, ಹನುಮಂತರ ಚಿತ್ರದ ಜೊತೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಅಚ್ಚೊತ್ತಿದ ಬಿಲ್ಲೆಗಳು ಬೇರೆ. ಕಂಪನಿ ಅಂಥದ್ದನ್ನು ಹೊಡೆಸಿಯೇ ಇಲ್ಲ. ಹಳೇ ನಾಣ್ಯ ಕೊಟ್ಟರೆ ಲಕ್ಷ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಅನ್ನುವವರ ಹಾವಳಿ ಎಷ್ಟಾಯಿತೆಂದರೆ 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಡಬೇಕಾಯಿತು. ನಾನು ಮಾಡುವುದಿಷ್ಟು: ಮೊದಲು ಮಾರುವವರಿಗೆ ಖಾಸಗಿಯಾಗಿ ಬರೆಯುತ್ತೇನೆ. ತಿದ್ದಿದರೆ ಸರಿ. ತಿದ್ದದೆ ಮಾರಾಟ ಮುಂದುವರಿಸಿದರೆ ಬಹಿರಂಗವಾಗಿ ಬರೆಯುತ್ತೇನೆ, ರೂಢಿ ಏನೇ ಇರಲಿ.

ಅಂದರೆ ಹೆಚ್ಚು ಬೆಲೆ ಹೇಳಿದವನಿಗೆ ತಿದ್ದಲು ನನ್ನಲ್ಲಿ ಸಿದ್ಧ ಉತ್ತರ ಇತ್ತು. ಕಡಿಮೆ ಬೆಲೆ ಹೇಳಿದವನಿಗೆ?

ಕರಾವಳಿಯ ಒಬ್ಬರು, ಉತ್ತರ ಕನ್ನಡದವರು, ಆರು ಸೀಸದ ತುಂಡುಗಳ ಫೋಟೋ ಹಾಕಿದ್ದರು. ‘ಹಳೆಯ ಬಲೆಯ ಸೀಸ, ಆರಕ್ಕೂ ಸೇರಿ 1,800’. ಮೀನಿನ ಬಲೆ ಮುಳುಗಲು ಕಟ್ಟುವ ಗುಂಡುಗಳು. ಐದು ನಿಜಕ್ಕೂ ಅವೇ, ತೂತು ಕಾಣುತ್ತಿತ್ತು. ಆರನೆಯದು ದಪ್ಪನೆಯ ಚಪ್ಪಟೆ ಬಿಲ್ಲೆ. ಫೋಟೋ ದೊಡ್ಡದು ಮಾಡಿದೆ. ಅಂಚಿಗೆ ಹತ್ತಿರ ತಲೆಕೆಳಗಾದ ಇಂಗ್ಲಿಷ್ ಟೀ ಅಕ್ಷರದ ಹಾಗೆ ಒಂದು ಗೀಟು. ಬ್ರಾಹ್ಮಿಯ ನ. ಪಕ್ಕದಲ್ಲಿ ದ, ಆಮೇಲೆ ಸ. ನಡುವೆ ಕಮಾನಿನ ಮೇಲೆ ಕಮಾನು ಪೇರಿಸಿದ ಬೆಟ್ಟದ ಗುರುತು, ಚೈತ್ಯ ಅಂತಲೂ ಕರೆಯುತ್ತಾರೆ. ಹಿಂಬದಿ ಬೇಲಿಯೊಳಗೆ ಮರ.

ಈ ತಾಣದ ಓದುಗರಿಗೆ ಇಷ್ಟು ಸಾಕು. ಕಾರವಾರದ ಕಡೆ ಸಿಕ್ಕ ಸೀಸದ ನಾಣ್ಯಗಳಲ್ಲಿ ಎರಡು ಹೆಸರು ಬರುತ್ತವೆ, ಚುಟುಕುಲಾನಂದ ಮತ್ತು ಮುಳಾನಂದ. ಹೆಸರಿನ ಒಂದು ಅಕ್ಷರ ಳ ಎಂದೋ ಡ ಎಂದೋ ವಿದ್ವಾಂಸರಲ್ಲಿ ಜಗಳ ಇದೆ. 1908ರಲ್ಲಿ ಬಂದ ರ‍್ಯಾಪ್ಸನ್ನರ ಬ್ರಿಟಿಷ್ ಮ್ಯೂಸಿಯಂ ಕ್ಯಾಟಲಾಗಿನಲ್ಲೇ ಇವು ಸೇರಿವೆ. ಬನವಾಸಿಯ ನಾಗಶಿಲೆಯ ಶಾಸನ, ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದ ಶಾಸನ, ಇವುಗಳಿಂದ ನಾವು ಚುಟುಗಳನ್ನು ಬಲ್ಲೆವು. ಈ ಸೀಸದ ಬಿಲ್ಲೆಗಳು ಆ ಚಿತ್ರದ ಇನ್ನೊಂದು ತುದಿ. ನನ್ನ ಕೈಗೆ ಅಂಥದ್ದೊಂದು ಅಲ್ಲಿಯವರೆಗೆ ಬಂದಿರಲಿಲ್ಲ.

ನಾನೇನು ಮಾಡಿದೆ? ‘1,200ಕ್ಕೆ ಕೊಡ್ತೀರಾ? ಸೀಸ ತಾನೆ’ ಅಂತ ಬರೆದೆ. ಬುಕ್ ಮಾಡಿದ್ದರೆ ಮುಗಿಯುತ್ತಿತ್ತು, ಆದರೆ ಕೇಳಿದ ಬೆಲೆಗೇ ತಕ್ಷಣ ಒಪ್ಪಿದರೆ ಅನುಮಾನ ಬಂದೀತು ಅನ್ನಿಸಿತು. ಅನುಮಾನ ಬಾರದಿರಲಿ ಅಂತ ಚೌಕಾಸಿ ಮಾಡಿದೆ. 1,400ಕ್ಕೆ ಮುಗಿಯಿತು. ಸ್ಪೀಡ್ ಪೋಸ್ಟಿನಲ್ಲಿ ಬಂತು. ಓರೆ ಬೆಳಕಿನಲ್ಲಿ ಇಟ್ಟು ಓದಿದೆ: ರಞೋ, ಮು, ಆಮೇಲಿನ ಜಗಳದ ಅಕ್ಷರ, ನಂದಸ. ಆ ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೇ ಅನ್ನಿ.

ವಾರ ಬಿಟ್ಟು ಓದಿನ ಸಮೇತ ಚಿತ್ರ ಹಂಚಿಕೊಂಡೆ, ‘ಅಪರೂಪದ್ದು’ ಅಂತ ಬರೆದು. ಅದು ಸುತ್ತಿ ಸುತ್ತಿ ಅವರಿಗೂ ತಲುಪಿತು. ‘ಸಾರ್, ಇದು ನಾನು ಕಳಿಸಿದ್ದಲ್ವಾ? ನಿಮಗೆ ಫೋಟೋದಲ್ಲೇ ಗೊತ್ತಾಗಿತ್ತಾ?’

ಜಗಳಕ್ಕೆ ಬಂದಿದ್ದರೆ ಉತ್ತರ ಕೊಡುವುದು ಸುಲಭವಿತ್ತು. ಬರೀ ಪ್ರಶ್ನೆ. ಮೂರು ಗಂಟೆ ಉತ್ತರ ಬರೆಯದೆ ಕೂತೆ. ಆ ಮೂರು ಗಂಟೆಯಲ್ಲಿ ನನ್ನ ಪರವಾಗಿ ವಾದ ಹುಡುಕಲು ಶಾಸನಗಳನ್ನೇ ಹಿಡಿದೆ ಅಂದರೆ ನಗಬೇಡಿ. ಕ್ರಯಶಾಸನ ಬೆಲೆಯ ನಂತರ ಏನು ಹೇಳುತ್ತದೆ? ಅಷ್ಟಭೋಗ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದಡಿ ಹೊನ್ನಿನ ಕೊಪ್ಪರಿಗೆ ಇದ್ದರೂ ಅದು ಕೊಂಡವನದ್ದೇ. ಮಾರಿದ ಮೇಲೆ ‘ಒಳಗೆ ನಿಧಿ ಇತ್ತಂತೆ, ನನಗೂ ಪಾಲು ಕೊಡು’ ಅನ್ನುವ ಹಾಗಿಲ್ಲ. ಸೀಸದ ಗುಂಡು ಮಾರಿದಿರಿ, ಅದರೊಳಗಿನ ಅರಸ ನನ್ನ ನಿಧಿ. ವಾದ ಚೆನ್ನಾಗಿಯೇ ಇತ್ತು.

ಚೆನ್ನಾಗಿದ್ದದ್ದು ಎರಡು ಸಾಲು ಮೇಲಕ್ಕೆ ಓದುವ ತನಕ. ಇಬ್ಬರಿಗೂ ಗೊತ್ತಿಲ್ಲದ್ದನ್ನೇ ಅಲ್ಲವೇ ನಿಧಿ ಅನ್ನುವುದು. ಗೊತ್ತಿಲ್ಲದಿದ್ದರೂ, ಸಿಕ್ಕೀತು ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಆಡಿ, ಬರೆಸಿ, ಸಾಕ್ಷಿ ಹಾಕಿಸಿದ್ದಾರೆ. ಅದೂ ಮಧ್ಯಸ್ಥರು ಬೆಲೆ ಗೊತ್ತುಮಾಡಿದ ಮೇಲೆ. ನನ್ನ ವ್ಯಾಪಾರದಲ್ಲಿ ಒಬ್ಬನಿಗೆ ಗೊತ್ತಿತ್ತು. ಗೊತ್ತಿದ್ದವನು ಸುಳ್ಳು ಹೇಳಲಿಲ್ಲ ನಿಜ. ‘ಸೀಸ ತಾನೆ’ ಅಂದದ್ದೂ ಅಕ್ಷರಶಃ ಸತ್ಯ. ಆದರೆ ಉಭಯವಾದಿ ಸಮ್ಮತ ಅಂದರೆ ಇಬ್ಬರೂ ಒಂದೇ ವಸ್ತುವಿನ ಬೆಲೆಗೆ ಒಪ್ಪಬೇಕು. ಅವರು ಒಪ್ಪಿದ್ದು ಆರು ಗುಂಡಿನ ಬೆಲೆಗೆ, ನಾನು ಒಪ್ಪಿದ್ದು ಒಂದು ನಾಣ್ಯದ ಬೆಲೆಗೆ. ಹಳಬರು ಈ ವಿಷಯದಲ್ಲಿ ಎಷ್ಟು ಹುಷಾರು ನೋಡಿ: ಎಷ್ಟೋ ಶಾಸನಗಳು ಬರೀ ಗದ್ಯಾಣ ಅನ್ನದೆ ಲೊಕ್ಕಿ ಗದ್ಯಾಣ ಅನ್ನುತ್ತವೆ, ಲೊಕ್ಕಿಗುಂಡಿಯ ಅಂದರೆ ಇಂದಿನ ಲಕ್ಕುಂಡಿಯ ಹೆಸರು ಹೊತ್ತದ್ದು. ಕೆಳದಿ ಕಾಲದವು ‘ನಿಜಗಟ್ಟಿ ವರಹ’ ಅನ್ನುತ್ತವೆ. ಯಾವ ವಸ್ತು, ಯಾವ ನಾಣ್ಯ ಎಂಬ ಬಗ್ಗೆ ಇಬ್ಬರ ತಲೆಯಲ್ಲೂ ಒಂದೇ ಚಿತ್ರ ಇರಬೇಕಲ್ಲ.

‘ಹೌದು, ಫೋಟೋದಲ್ಲೇ ಗೊತ್ತಾಗಿತ್ತು’ ಅಂತ ಬರೆದೆ. ವಾಪಸ್ ಕಳಿಸುತ್ತೇನೆ ಅಂದೆ. ಅವರಿಗೆ ಬೇಡ. ‘ನನಗೆ ಓದಲಿಕ್ಕೆ ಬರೂದಿಲ್ಲ, ಇಟ್ಕೊಂಡು ಏನ್ ಮಾಡ್ಲಿ? ಬೆಲೆ ಎಷ್ಟು ಅಂತ ನೀವೇ ಹೇಳಿ.’ ನಾನು ಹೇಳುವ ಹಾಗಿರಲಿಲ್ಲ. ಅವರೂ ಹೇಳುವ ಹಾಗಿರಲಿಲ್ಲ. ಕೊನೆಗೆ ಇಬ್ಬರಿಗೂ ಪರಿಚಯದ ಹಿರಿಯರೊಬ್ಬರನ್ನು ಕೇಳಿದೆವು, ನಲವತ್ತು ವರ್ಷದಿಂದ ದಖ್ಖನಿನ ನಾಣ್ಯ ಸಂಗ್ರಹಿಸುತ್ತ ಬಂದವರು. ಅವರು ತೂಕ ಕೇಳಿದರು, ಸುತ್ತಳತೆ ಕೇಳಿದರು, ಎರಡೂ ಬದಿಯ ಜೊತೆಗೆ ಅಂಚಿನ ಫೋಟೋ ಕೇಳಿದರು. ನಾನು ವರ್ನಿಯರಿನಲ್ಲಿ ಅಳೆದು ಮಿಲಿಮೀಟರಿನ ದಶಾಂಶ ಸಮೇತ ಕಳಿಸಿದೆ; ‘ಇಷ್ಟು ಶಿಸ್ತು ಕೊಳ್ಳುವಾಗ ತೋರಿಸಬೇಕಿತ್ತು’ ಅಂದರು. ಸರಿಯಾಗಿಯೇ ಅಂದರು.

ಅವರ ತೀರ್ಪು ಬರೆದಿಡುವಂಥದ್ದು. ಬೆಲೆ ಕಟ್ಟಬೇಕಾದ್ದು ಮಾರಿದ ದಿನಕ್ಕೆ, ನಾನು ಓದು ಪ್ರಕಟಿಸಿ ನಾಲ್ಕು ಜನ ‘ಕೊಡ್ತೀರಾ’ ಅಂತ ಕೇಳಿದ ಮೇಲಿನ ದಿನಕ್ಕಲ್ಲ. ಆ ದಿನಕ್ಕೆ, ಆ ಸ್ಥಿತಿಯಲ್ಲಿ, 4,500. ಅದರಲ್ಲಿ ಓದಿದವನ ಕೂಲಿ ಅಂತ 1,000 ನನಗೆ ಬಿಡಬೇಕು, ಓದದೆ ಹೋಗಿದ್ದರೆ ಅದು ಕರಗಿ ಮತ್ತೆ ಬಲೆಗೇ ಹೋಗುತ್ತಿತ್ತು. ಉಳಿದ ಐದು ಗುಂಡಿಗೆ ಲೆಕ್ಕ ಇಲ್ಲ. ಕೊಟ್ಟ 1,400 ಕಳೆದು ನಾನು ಕೊಡಬೇಕಾದ್ದು 2,100. ಓದಿದವನ ಕೂಲಿಗೆ ಕರಾವಳಿಯವರು ತಕರಾರು ಮಾಡಿಯಾರು ಅಂದುಕೊಂಡಿದ್ದೆ. ‘ಆಗ್ಬಹುದು’ ಅಂದರು, ಅಷ್ಟೇ. ಮಧ್ಯಸ್ಥರು ತಮ್ಮ ಕೂಲಿಯಾಗಿ ಐದು ಗುಂಡುಗಳನ್ನು ಕೇಳಿ ತರಿಸಿಕೊಂಡರು, ಶಾಸನದ ಪಡಿಯಚ್ಚಿನ ಕಾಗದ ಫ್ಯಾನಿನ ಗಾಳಿಗೆ ಹಾರದ ಹಾಗೆ ಇಡಲು.

ಆವತ್ತು ಅವರು ಇನ್ನೊಂದು ಪ್ರಶ್ನೆ ಕೇಳಿದ್ದರು: ‘ಎಲ್ಲಿ ಸಿಕ್ಕಿದ್ದಂತೆ?’ ನಾನು ಕೇಳಿಯೇ ಇರಲಿಲ್ಲ.

ಕೇಳಬೇಕಾದ ಮೊದಲ ಪ್ರಶ್ನೆ ಅದು, ಬೆಲೆಗಿಂತ ಮುಂಚೆ. ಕಾನೂನಿನ ದೃಷ್ಟಿಯಿಂದಂತೂ ಸರಿಯೇ. 1878ರ ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ಹೂತದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕು. ಶಾಸನದ ನಿಧಿ ನಿಕ್ಷೇಪದ ಹಕ್ಕು ಇವತ್ತು ನಡೆಯುವುದಿಲ್ಲ. ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ಕಾಯ್ದೆಯೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದರ ವ್ಯಾಪಾರವನ್ನೇ ಕಸುಬಾಗಿ ಮಾಡುವವರು ಲೈಸೆನ್ಸ್ ಪಡೆಯಬೇಕು, ದೇಶದಾಚೆ ಕಳಿಸುವಂತಿಲ್ಲ. ದುಬೈ, ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ‘ಪೋಸ್ಟೇಜ್ ಎಷ್ಟಾದರೂ ಕೊಡ್ತೀವಿ’ ಅಂದಾಗ ಇದನ್ನು ಹೇಳಿ ಬೇಜಾರು ಮಾಡಿದ್ದೇನೆ. ನನ್ನ ಬಿಲ್ಲೆಯನ್ನೂ ಈ ಕಾಯ್ದೆಗಳ ಎದುರು ಇಟ್ಟು ನೋಡಿದರೆ ಪೂರ್ತಿ ನಿರಾಳ ಆಗುವುದಿಲ್ಲ.

ಆದರೆ ನಾನು ಕೇಳದೆ ಇದ್ದದ್ದು ಕಾನೂನಿನ ಭಯಕ್ಕಲ್ಲ. ‘ಎಲ್ಲಿ ಸಿಕ್ಕಿತು’ ಅಂದರೆ ನನಗೆ ಆಸಕ್ತಿ ಇದೆ ಅಂತ ಗೊತ್ತಾಗಿಬಿಡುತ್ತಿತ್ತು, ಬೆಲೆ ಏರುತ್ತಿತ್ತು. ನಾಲ್ಕು ನೂರು ರೂಪಾಯಿ ಇಳಿಸಲು ಆ ಪ್ರಶ್ನೆಯನ್ನು ನುಂಗಿದ್ದೆ.

ಮಧ್ಯಸ್ಥರು ಕೇಳಿದ ಮೇಲೆ ಕರಾವಳಿಯವರಿಗೆ ಬರೆದೆ. ಅವರ ತಂದೆಯದು ಗುಜರಿ ಅಂಗಡಿ. ಸುತ್ತಲ ಹಳ್ಳಿಗಳಿಂದ ಬಂದ ಸೀಸ, ಹಿತ್ತಾಳೆ, ತಾಮ್ರವನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಡುತ್ತಿದ್ದರಂತೆ. ಲೆಕ್ಕದಲ್ಲಿ ಕಟ್ಟುನಿಟ್ಟಿನ ಮನುಷ್ಯ. ಪ್ರತಿ ಡಬ್ಬಿಯ ಮೇಲೂ ಯಾವ ಊರಿನ ಮಾಲು ಅಂತ ಚೀಟಿ ಅಂಟಿಸುತ್ತಿದ್ದರಂತೆ. ಆ ಆರು ತುಂಡು ಇದ್ದ ಡಬ್ಬಿಗೂ ಚೀಟಿ ಇತ್ತು. ಯಾವ ಊರು ನೆನಪಿಲ್ಲ. ನಾನು ಕೊಂಡು ಎರಡು ತಿಂಗಳ ಮೇಲೆ ಅಂಗಡಿ ಖಾಲಿ ಮಾಡಿಸಿದರಂತೆ, ಡಬ್ಬಿಗಳೆಲ್ಲ ತೂಕಕ್ಕೆ ಹೋದವು. ‘ನೀವು ಆವಾಗ್ಲೇ ಕೇಳಿದ್ರೆ ಓದಿ ಹೇಳ್ತಿದ್ದೆ ಸಾರ್’ ಅಂದರು.

ಸಿಕ್ಕ ಜಾಗ ಗೊತ್ತಿಲ್ಲದ ಮುಳಾನಂದನ ನಾಣ್ಯ ಮ್ಯೂಸಿಯಮ್ಮುಗಳಲ್ಲಿ ಬೇಕಾದಷ್ಟಿವೆ. ಚಂದ್ರವಳ್ಳಿಯ ಸೀಸದ ನಾಣ್ಯಗಳಿಗೆ ಬೆಲೆ ಇರುವುದು ಅಲ್ಲಿ ಎಂ. ಎಚ್. ಕೃಷ್ಣ ಅವರೂ ಆಮೇಲೆ 1947ರಲ್ಲಿ ವೀಲರ್ ಅವರೂ ಅಗೆದು ದಾಖಲಿಸಿದ್ದರಿಂದ. ಕಾರವಾರದಿಂದ ಎಷ್ಟು ಒಳಗಿನ ತನಕ ಈ ಆನಂದರ ನಾಣ್ಯ ನಡೆಯುತ್ತಿತ್ತು ಎಂಬ ನಕ್ಷೆಯಲ್ಲಿ ಒಂದು ಚುಕ್ಕೆ ಸೇರಬೇಕಿತ್ತು. ನನ್ನ ಕಪಾಟಿನ ಲಕೋಟೆಯ ಮೇಲೆ ತೂಕ ಇದೆ, ವ್ಯಾಸ ಇದೆ, ಎರಡು ಸಲ ಕೊಟ್ಟ ಬೆಲೆ ಇದೆ. ‘ದೊರೆತ ಸ್ಥಳ’ ಎಂಬಲ್ಲಿ ಖಾಲಿ.

ಕರಾವಳಿಯವರು ಈಗ ಮಾರಾಟಕ್ಕೆ ಹಾಕುವ ಮುಂಚೆ ನನಗೊಂದು ಫೋಟೋ ಕಳಿಸುತ್ತಾರೆ. ಕಳಿಸುವಾಗ ಪಕ್ಕದಲ್ಲಿ ಚೀಟಿ ಇಟ್ಟು, ಯಾವ ಊರು, ಯಾರಿಂದ ಬಂತು, ಯಾವಾಗ ಅಂತ ಬರೆದಿರುತ್ತಾರೆ, ತಂದೆಯ ಹಾಗೆಯೇ. ಕಳೆದ ವಾರ ಅಂಕೋಲಾ ಕಡೆಯ ಒಂದು ಚಪ್ಪಟೆ ತುಂಡು ಬಂದಿತ್ತು. ಅರ್ಧ ಗಂಟೆ ತಿರುಗಿಸಿ ಮುರುಗಿಸಿ ನೋಡಿದೆ. ಬಲೆಯ ಗುಂಡೇ. ಹಾಗಂತ ಬರೆದು ಕಳಿಸಿದೆ.